ಆರೇಳು ಅಕ್ಕಿಕಾಳಿನ ತೂಕ

ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್. ಪ್ರಮಾಣವನ್ನು ತುದಿಯವರೆಗೆ ಏರಿಸಿದ ಮೇಲೂ ಅದರಲ್ಲಿರುವ ಸೆಮಾಗ್ಲುಟೈಡ್ 2.4 ಮಿಲಿಗ್ರಾಂ ಅಷ್ಟೆ. ವರ್ಷದ 52 ವಾರಕ್ಕೆ ಕೂಡಿಸಿದರೆ ಸುಮಾರು 125 ಮಿಲಿಗ್ರಾಂ ಆಗುತ್ತದೆ. ತೀರ್ಥಹಳ್ಳಿ ಕಡೆಯ ಮೇಗರವಳ್ಳಿಯ ಯಾವುದೇ ಮನೆಯ ಅಕ್ಕಿ ಡಬ್ಬಿಯಿಂದ ಆರೇಳು ದಪ್ಪ ಕಾಳು ಆರಿಸಿ ಅಂಗೈಯಲ್ಲಿಟ್ಟರೆ ಹೆಚ್ಚುಕಡಿಮೆ ಅದೇ ತೂಕ. ಅಷ್ಟು ಮದ್ದು ಒಬ್ಬ ದೊಡ್ಡ ಮನುಷ್ಯನ ಇಡೀ ವರ್ಷದ ಹಸಿವಿಗೆ ಕಡಿವಾಣ ಹಾಕುತ್ತದೆ.

2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 1,961 ಜನರಿದ್ದರು. ಅವರ ಸರಾಸರಿ ತೂಕ 105 ಕಿಲೋ. 68 ವಾರ ಈ ಇಂಜೆಕ್ಷನ್ ತೆಗೆದುಕೊಂಡವರು ಸರಾಸರಿ 15.3 ಕಿಲೋ ಇಳಿದರು. ಮದ್ದಿಲ್ಲದ ಇಂಜೆಕ್ಷನ್ ತೆಗೆದುಕೊಂಡು, ಅದೇ ಪಥ್ಯ, ಅದೇ ವ್ಯಾಯಾಮದ ಸಲಹೆ ಪಡೆದವರು ಇಳಿದದ್ದು 2.6 ಕಿಲೋ. ಮದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವುದರಿಂದ ಆ 68 ವಾರಗಳಲ್ಲಿ ಒಬ್ಬರ ಮೈಗೆ ಸೇರಿದ್ದು ಸುಮಾರು 139 ಮಿಲಿಗ್ರಾಂ. ಎರಡು ಗುಂಪಿನ ವ್ಯತ್ಯಾಸವನ್ನಷ್ಟೇ ಹಿಡಿದು ಭಾಗಿಸಿ ನೋಡಿದೆ. ಮದ್ದು ತನ್ನ ತೂಕದ 90 ಸಾವಿರ ಪಟ್ಟು ಮೈಭಾರವನ್ನು ಕರಗಿಸಿದೆ. ಸೊನ್ನೆ ಹೆಚ್ಚಾಯಿತೇನೋ ಎಂದು ಮತ್ತೆ ಎಣಿಸಿದರೂ ಲೆಕ್ಕ ಬದಲಾಗಲಿಲ್ಲ.

ಇಷ್ಟು ಚೂರು ಮದ್ದಿಗೆ ಅಷ್ಟು ಬಲ ಬಂದದ್ದು ಅದು ನಮ್ಮದೇ ಕರುಳಿನ ಭಾಷೆ ಆಡುವುದರಿಂದ. ಉಂಡಾಗ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ. ಜಠರ ನಿಧಾನವಾಗಿ ಖಾಲಿಯಾಗಲಿ, ಇನ್ನು ಸಾಕು ಎಂದು ಮಿದುಳಿಗೆ ಸುದ್ದಿ ಮುಟ್ಟಲಿ ಎಂಬುದು ಅದರ ಕೆಲಸ. ಆದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಎರಡೇ ನಿಮಿಷ. ಬೆನ್ನಿಗೇ ಒಂದು ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. 1992ರಲ್ಲಿ ಜಾನ್ ಎಂಗ್ ಎಂಬ ಅಮೆರಿಕದ ವೈದ್ಯ ಗಿಲಾ ಮಾನ್ಸ್ಟರ್ ಎಂಬ ಮರುಭೂಮಿಯ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಆದರೆ ಬೇಗ ಕರಗದ ವಸ್ತುವನ್ನು ಗುರುತಿಸಿದರು. ಅದರಿಂದ ತಯಾರಾದ ಸಕ್ಕರೆ ಕಾಯಿಲೆಯ ಮದ್ದು 2005ರಲ್ಲಿ ಬಳಕೆಗೆ ಬಂತು. ಮುಂದೆ ಮನುಷ್ಯನ ಹಾರ್ಮೋನನ್ನೇ ತುಸು ಬದಲಿಸಿ, ಅದಕ್ಕೊಂದು ಕೊಬ್ಬಿನ ಸರಪಣಿ ಜೋಡಿಸಿ ರಕ್ತದ ಅಲ್ಬುಮಿನ್‌ಗೆ ಅಂಟಿಕೊಳ್ಳುವಂತೆ ಮಾಡಿದರು. ಹಾಗೆ ಹುಟ್ಟಿದ ಸೆಮಾಗ್ಲುಟೈಡ್‌ನ ಅರ್ಧಾಯುಷ್ಯ ಏಳು ದಿನ. ಎರಡು ನಿಮಿಷದಿಂದ ಏಳು ದಿನ ಎಂದರೆ ಐದು ಸಾವಿರ ಪಟ್ಟು.

ಇನ್ನು ಜನ ಏನೆನ್ನುತ್ತಾರೆ? ತೀರ್ಥಹಳ್ಳಿಯಿಂದ ಆಗುಂಬೆಯವರೆಗಿನ ನಮ್ಮ ಸೀಮೆಯಲ್ಲಿ ಹಸಿವಿನ ಬಗ್ಗೆ ಎರಡು ಮಾತು ಒಟ್ಟಿಗೇ ಇವೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ, "ಎಂತ ಮಾರಾಯ್ರೆ, ಇಷ್ಟೇನಾ ಊಟ?" ಎಂದು ಬಡಿಸುವವರಿಗೆ ನೋವು. ಅದೇ ಮನುಷ್ಯ ದಪ್ಪಗಾಗಿ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಹಿಡಿದುಕೊಂಡು ಇಂಜೆಕ್ಷನ್‌ಗೆ ಹೋದರೆ, "ಬಾಯಿ ಕಟ್ಟಕ್ಕಾಗಲ್ವಾ ಅವನಿಗೆ?" ಬಾಯಿ ಕಟ್ಟುವುದು ನಮ್ಮಲ್ಲಿ ಗುಣದ ಮಾತು, ಹೆಚ್ಚುಕಡಿಮೆ ವ್ರತ. ಕಟ್ಟಲಾರದವನು ಸಡಿಲ ಮನುಷ್ಯ.

ಹಸಿವನ್ನು ಹೊರಗಿನ ವಸ್ತುವಿನಿಂದ ತಳ್ಳುವುದು ನಮಗೇನು ಹೊಸದಲ್ಲ. ತೋಟದ ಕೆಲಸಕ್ಕೆ ಇಳಿದವರು ಎಲೆಯಡಿಕೆಯ ಕವಳ ಹಾಕಿಕೊಂಡು ಮಧ್ಯಾಹ್ನದವರೆಗೆ ಹೊಟ್ಟೆಯನ್ನು ಸುಮ್ಮನಿರಿಸಿದ್ದಾರೆ, ತಲೆಮಾರುಗಳಿಂದ. ಅವರನ್ನು ಯಾರೂ ಮನೋಬಲ ಇಲ್ಲದವರು ಎನ್ನಲಿಲ್ಲ. ಕವಳದ ಪರ ವಾದಿಸುತ್ತಿಲ್ಲ. ಅದರಿಂದ ಬಾಯಿಗೆ ಬರುವ ಕ್ಯಾನ್ಸರ್ ಸಣ್ಣ ಸಂಗತಿಯಲ್ಲ. ಎರಡಕ್ಕೂ ಒಂದೇ ನ್ಯಾಯ ಇರಲಿ ಎನ್ನುತ್ತೇನೆ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರ ಫೆಬ್ರುವರಿಯಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ತೂಕ ಇಳಿಸಿ ಅದನ್ನು ಉಳಿಸಿಕೊಳ್ಳಲು ಬರೀ ಮನೋಬಲ ಸಾಲದು ಎಂದವರು ಶೇ 65. ಈ ಮದ್ದುಗಳ ಬಗ್ಗೆ ಕೇಳಿ ತಿಳಿದವರಲ್ಲಿ ಶೇ 53ರಷ್ಟು ಜನ, ಬೊಜ್ಜು ಅಥವಾ ತೂಕದಿಂದ ಬಂದ ಕಾಯಿಲೆ ಇದ್ದವರಿಗೆ ಇದು ಒಳ್ಳೆಯ ದಾರಿ ಎಂದರು. ಕಾಯಿಲೆಯೇನೂ ಇಲ್ಲದೆ ಸುಮ್ಮನೆ ಸಣ್ಣಗಾಗಬಯಸುವವರಿಗೂ ಒಳ್ಳೆಯದು ಎಂದವರು ಶೇ 12 ಮಾತ್ರ. ಈ ವಿವೇಚನೆ ನನಗೆ ಹಿಡಿಸಿತು. ಇಂಥ ಮದ್ದುಗಳ ಬಗ್ಗೆ ಹಳಬರ ಅನುಮಾನವೂ ಬುಡವಿಲ್ಲದ್ದಲ್ಲ. ಹಸಿವು ಇಂಗಿಸುವ ಫೆನ್‌ಫ್ಲುರಮೀನ್ ಹೃದಯದ ಕವಾಟ ಕೆಡಿಸುತ್ತದೆಂದು 1997ರಲ್ಲಿ ಅಮೆರಿಕದ ಅಂಗಡಿಗಳಿಂದ ಹೋಯಿತು. ಸಿಬುಟ್ರಮೀನನ್ನು 2011ರಲ್ಲಿ ಭಾರತವೇ ನಿಷೇಧಿಸಿತು.

ಈಗ ಹಿಂದಕ್ಕೆ ಹೋಗಿ ಇನ್ನೊಂದು ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ರಲ್ಲಿ 41,86,188. ನಡುವೆ ಬಂದದ್ದು 1876–78ರ ಬರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ 8,69,224ರಷ್ಟು ಕುಗ್ಗಿತು. ಅಂಥ ನಾಡಿನಲ್ಲಿ ಮೈ ತುಂಬಿಕೊಂಡವರನ್ನು ಕಂಡು ಸಂತೋಷಪಡುವುದೂ, ಸೊರಗಿದವರನ್ನು ಕಂಡು ಕಂಗಾಲಾಗುವುದೂ ಸಹಜ. ಹಸಿವೆಯೇ ಆಗದಂತೆ ದುಡ್ಡು ಕೊಟ್ಟು ಚುಚ್ಚಿಸಿಕೊಳ್ಳುತ್ತಾರೆ ಎಂದರೆ ಅಜ್ಜಿಯರಿಗೆ ಅರ್ಥವಾಗದಿರುವುದರಲ್ಲಿ ತಪ್ಪೇನಿದೆ? ಆ ಹಸಿವು ಪೂರ್ತಿ ಹೋಗಿಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 30 ಜನರಿಗೆ ತೂಕ ಹೆಚ್ಚು, 17 ಜನರಿಗೆ ಇರಬೇಕಾದ್ದಕ್ಕಿಂತ ಕಡಿಮೆ.

ನನ್ನನ್ನು ದಂಗುಬಡಿಸಿದ್ದು ಇನ್ನೊಂದು ಗುಣಾಕಾರ. ಐಸಿಎಂಆರ್ ಬೆಂಬಲದ, 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಅಂದಾಜಿನಲ್ಲಿ ಭಾರತದಲ್ಲಿ ಬೊಜ್ಜಿರುವವರು 25.4 ಕೋಟಿ. ಅವರೆಲ್ಲರಿಗೂ ಈ ಮದ್ದು ಬೇಕಿಲ್ಲ. ಆದರೂ ಎಲ್ಲರಿಗೂ ಒಂದು ವರ್ಷ ಪೂರ್ತಿ ಪ್ರಮಾಣ ಕೊಡುತ್ತೇವೆ ಎಂದುಕೊಳ್ಳಿ. ಮದ್ದಿನ ಸಾರ ಮಾತ್ರ ತೂಗಿದರೆ ಸುಮಾರು 32 ಟನ್. ಆಗುಂಬೆ ರಸ್ತೆಯಲ್ಲಿ ಓಡಾಡುವ ಹತ್ತು ಟನ್ನಿನ ಲಾರಿ ಮೂರು ತುಂಬಿ ನಾಲ್ಕನೆಯದಕ್ಕೆ ಒಂದಿಷ್ಟು ಉಳಿಯುತ್ತದೆ. ಇಡೀ ದೇಶಕ್ಕೆ ಅಷ್ಟೆ!

ಬೆಲೆ? 2025ರ ಜೂನ್‌ನಲ್ಲಿ ವೆಗೋವಿ ಹೆಸರಿನಲ್ಲಿ ಇದು ಭಾರತಕ್ಕೆ ಬಂದಾಗ ಆರಂಭದ ಪ್ರಮಾಣಕ್ಕೇ ತಿಂಗಳಿಗೆ 17,345 ರೂಪಾಯಿ, ವರ್ಷಕ್ಕೆ ಎರಡು ಲಕ್ಷದ ಮೇಲೆ. ಅದನ್ನು 25.4 ಕೋಟಿಯಿಂದ ಗುಣಿಸಿದರೆ ಸುಮಾರು 53 ಲಕ್ಷ ಕೋಟಿ ರೂಪಾಯಿ. ಆ ವರ್ಷದ ಕೇಂದ್ರ ಬಜೆಟ್ಟಿನ ಒಟ್ಟು ಗಾತ್ರ 50.65 ಲಕ್ಷ ಕೋಟಿ. ಮೂರೂವರೆ ಲಾರಿಯೂ ತುಂಬದ ಸರಕಿಗೆ ಆಗಿನ ಬೆಲೆಯಲ್ಲಿ ಭಾರತ ಸರ್ಕಾರದ ಒಂದು ವರ್ಷದ ಖರ್ಚು ಸಾಲುತ್ತಿರಲಿಲ್ಲ. ಈ ಮದ್ದು ಮಾಡುವ ನೋವೊ ನಾರ್ಡಿಸ್ಕ್ ಕಂಪನಿಯ ಷೇರುಗಳ ಒಟ್ಟು ಮೌಲ್ಯ 2023ರಲ್ಲಿ ಅದರ ತವರು ಡೆನ್ಮಾರ್ಕಿನ ವಾರ್ಷಿಕ ಉತ್ಪನ್ನವನ್ನೇ ಮೀರಿತ್ತು ಎಂಬುದು ಇದರ ಮುಂದೆ ಸೋಜಿಗವೇ ಅಲ್ಲ.

2025ರ ನವೆಂಬರಿನಲ್ಲಿ ಆ ಬೆಲೆ ಇಳಿಯಿತು. 2026ರ ಮಾರ್ಚ್‌ಗೆ ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ ಅವಧಿಯೂ ಮುಗಿಯಿತು. ಅಗ್ಗವಾಗುವುದು ಒಳ್ಳೆಯದೇ; ಸಕ್ಕರೆ ಕಾಯಿಲೆಯವರೇ ದೇಶದಲ್ಲಿ 10.1 ಕೋಟಿ ಇದ್ದಾರೆ. ನನ್ನ ಕಳವಳ ಮದುವೆಗೆ ಮುಂಚೆ ಎರಡು ತಿಂಗಳು ತೆಗೆದುಕೊಂಡು ಬಿಡುತ್ತೇನೆ ಎನ್ನುವವರ ಬಗ್ಗೆ. 2021ರ ಆ ಪ್ರಯೋಗದಲ್ಲಿ ಮದ್ದು ತೆಗೆದುಕೊಂಡ ನೂರರಲ್ಲಿ 74 ಜನರಿಗೆ ವಾಕರಿಕೆ, ವಾಂತಿ, ಭೇದಿಯಂಥ ಹೊಟ್ಟೆಯ ತೊಂದರೆ ಒಮ್ಮೆಯಾದರೂ ಬಂದಿತ್ತು. ಇಳಿದ ಭಾರದಲ್ಲಿ ಕೊಬ್ಬಲ್ಲದ ಮೈಯ ಪಾಲು, ಅಂದರೆ ಸ್ನಾಯು ಮುಂತಾದದ್ದು, ಶೇ 40ರ ಹತ್ತಿರ. ಗುಡ್ಡ ಹತ್ತಿ ಇಳಿದು ಬದುಕುವ ವಯಸ್ಸಾದವರಿಗೆ ಇದು ದೊಡ್ಡ ನಷ್ಟ. ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಹಸಿವು ಮನಸ್ಸಿನ ಸಡಿಲದಿಂದ ಹುಟ್ಟುವುದಾಗಿದ್ದರೆ, ಒಂದೂಕಾಲು ವರ್ಷ ಕಡಿಮೆ ಉಂಡು ರೂಢಿಯಾದವರಿಗೆ ಹೀಗಾಗಬಾರದಿತ್ತು.

ಹಾಗಾಗಿ ಬಿಪಿ ಮಾತ್ರೆಯಂತೆ ಇದೂ ವರ್ಷಗಟ್ಟಲೆ ನಡೆಯುವ ಚಿಕಿತ್ಸೆ. ನಲವತ್ತಕ್ಕೆ ಶುರುಮಾಡಿ ಎಪ್ಪತ್ತರವರೆಗೆ ತೆಗೆದುಕೊಂಡರೆ 1,560 ಇಂಜೆಕ್ಷನ್. ಮೂವತ್ತು ವರ್ಷದ ಮದ್ದಿನ ಒಟ್ಟು ತೂಕ ನಾಲ್ಕು ಗ್ರಾಂ ಆಗುವುದಿಲ್ಲ. ಆ 1,560 ವಾರವೂ ವೈದ್ಯರ ಕಣ್ಗಾವಲು ಬೇಕು, ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಮೇಗರವಳ್ಳಿಯಂಥ ಊರುಗಳಿಗೆ ಬೆಲೆಯಷ್ಟೇ ಇಳಿದರೆ ಸಾಲುವುದಿಲ್ಲ.