ಆಲ್ಬಮ್ ಕವರಿನಿಂದ ಇಳಕಲ್ ಸೆರಗಿನವರೆಗೆ: ಪೋಸ್ಟರಿಗೆ ಬಣ್ಣ ಆರಿಸೋದು ಹೇಗೆ?

ಫೆಸ್ಟ್ ಹತ್ತಿರ ಬಂತೆಂದರೆ ಕ್ಯಾಂಪಸ್ಸಿನ ಗೋಡೆ ತುಂಬ ಪೋಸ್ಟರ್. ಹೆಚ್ಚಿನವು ಒಂದೇ ಥರ: ಕಪ್ಪು ಹಿನ್ನೆಲೆ, ನೇರಳೆಯಿಂದ ನೀಲಿಗೆ ಜಾರುವ ಗ್ರೇಡಿಯೆಂಟ್, ಮೇಲೆ ನಿಯಾನ್ ಅಕ್ಷರ. ಎಲ್ಲರೂ ಅದೇ ಟೆಂಪ್ಲೇಟ್ ತೆಗೆದರೆ ಬಣ್ಣವೂ ಅದೇ ಆಗ್ತದೆ. ಟೆಂಪ್ಲೇಟ್ ಬಿಟ್ಟು, ಕಣ್ಣೆದುರಿನ ವಸ್ತುವಿನಿಂದಲೇ ಬಣ್ಣ ಎತ್ತಿಕೊಳ್ಳೋದು ಹೇಗೆ ಅಂತ ಈ ಸಲ ನೋಡೋಣ.

ರಾಕ್ ಕವರುಗಳು ಕಲಿಸುವ ಪಾಠ

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಕವರ್ ನಮ್ಮಲ್ಲಿ ಬಹಳ ಮಂದಿಯ ಟೀ ಶರ್ಟ್ ಮೇಲೇ ಇದೆ. ಹಿಪ್ನೋಸಿಸ್ ಎಂಬ ವಿನ್ಯಾಸ ತಂಡದ ಕೆಲಸ ಅದು. ಪ್ರಿಸಂ ಚಿತ್ರ ಬರೆದವರು ಜಾರ್ಜ್ ಹಾರ್ಡಿ. ಅದರಲ್ಲಿರೋದು ಆರು ಬಣ್ಣದ ಪಟ್ಟಿ. ನ್ಯೂಟನ್ ಹೇಳಿದ ಏಳರಲ್ಲಿ ಇಂಡಿಗೋ ಇಲ್ಲ. ಆದರೂ ನೆನಪಿನಲ್ಲಿ ಉಳಿಯೋದು ಕಪ್ಪು. ಕಪ್ಪಿಗೆ ಅಷ್ಟು ಜಾಗ ಕೊಟ್ಟದ್ದರಿಂದಲೇ ಆ ತೆಳು ಪಟ್ಟಿಗಳು ಹೊಳೀತಾವೆ. ದ ಕ್ಲ್ಯಾಶ್ ತಂಡದ 'ಲಂಡನ್ ಕಾಲಿಂಗ್' (1979) ಕವರ್ ಕಪ್ಪು-ಬಿಳುಪು ಫೋಟೊ. ಅದರ ಮೇಲೆ ಗುಲಾಬಿ ಮತ್ತು ಹಸಿರು ಅಕ್ಷರ, ಅಷ್ಟೇ.

ಅಂದರೆ ಪ್ಯಾಲೆಟ್ ಎಂದರೆ ಬರೀ ಬಣ್ಣಗಳ ಪಟ್ಟಿ ಅಲ್ಲ. ಯಾವುದಕ್ಕೆ ಎಷ್ಟು ಜಾಗ, ಯಾವುದರ ಪಕ್ಕ ಯಾವುದು ಅನ್ನೋದೂ ಪ್ಯಾಲೆಟ್ಟೇ.

ಇದೇ ಲೆಕ್ಕ ಇಳಕಲ್ಲಿನಲ್ಲಿ

ಹುನಗುಂದದ ಪಕ್ಕದ ಇಳಕಲ್ಲಿನ ಸೀರೆಯನ್ನು ಈಗ ಡಿಸೈನರ್ ಕಣ್ಣಿನಿಂದ ನೋಡ್ರಿ. ಮೂರು ಭಾಗ: ಮೈ, ದಡಿ, ಸೆರಗು. ಮೈಗೆ ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಮದುವೆಗಾದರೆ ಗಿರಿ ಕುಂಕುಮ. ದಡಿಗೆ ಕೆಂಪು ಇಲ್ಲಾ ಮರೂನ್. ಗೋಮಿ, ಪರಾಸಪೇಟೆ, ಗಾಡಿ ಎಂದು ಅದರ ನಮೂನೆಗಳಿಗೆ ಹೆಸರಿವೆ. ಸೆರಗು 'ಟೋಪ್ ತೆನಿ': ಕೆಂಪು ರೇಷ್ಮೆಯ ನಡುವೆ ಬಿಳಿ ಪಟ್ಟಿ, ಬಾಚಣಿಕೆ ಹಲ್ಲಿನಂಥ, ಕೋಟೆ ಗೋಡೆಯಂಥ, ಜೋಳದ ತೆನೆಯಂಥ ಆಕಾರಗಳು. ಮೈ ಬಹಳ, ದಡಿ ಸ್ವಲ್ಪ, ಬಿಳಿ ಎಳೆಯಷ್ಟು. ಕಪ್ಪು ಮತ್ತು ಪ್ರಿಸಂ ನಡುವಿನ ಲೆಕ್ಕವೇ ಇಲ್ಲೂ ನಡೆದಿದೆ.

ಇನ್ನೊಂದು ಗಮ್ಮತ್ತು ಕೊಂಡಿಯದು. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸ್ತಾರೆ. ಹಾಗಾಗಿ ಮೈಯ ಬಣ್ಣ ಸೆರಗಿನ ಹಾಸಿನೊಳಗೆ ಹರಿಯೋದಿಲ್ಲ. ಗೆರೆ ಕೊಯ್ದಂತೆ ಹಸಿರು ನಿಂತು ಕೆಂಪು ಶುರುವಾಗ್ತದೆ. ಇದಕ್ಕಾಗಿ ಒಂದೊಂದು ಸೀರೆಗೂ ಬೇರೆ ಹಾಸು ಸಿದ್ಧ ಮಾಡಬೇಕು. ಪೋಸ್ಟರಿಗೆ ಇದರ ಅರ್ಥ: ಇಳಕಲ್ ಬಣ್ಣ ಬಳಸಿದರೆ ಗ್ರೇಡಿಯೆಂಟ್ ಬೇಡ, ಅಂಚು ಖಡಕ್ ಇರಲಿ.

ಬಣ್ಣ ಎತ್ತೋದು ಹೇಗೆ?

1. ಸೀರೆಯನ್ನು ಹಗಲಿನ ನೆರಳಲ್ಲಿ, ಪಕ್ಕ ಬಿಳಿ ಹಾಳೆ ಇಟ್ಟು ಫೋಟೊ ತೆಗೀರಿ. ಆ ಹಾಳೆ ಫೋಟೊದಲ್ಲೂ ಬಿಳಿಯಾಗಿ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿಮಾಡಿ.

2. ಒಂದೇ ಪಿಕ್ಸೆಲ್ ಒತ್ತಿ ಬಣ್ಣ ತೆಗೀಬೇಡಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಕಣ್ಣಿಗೆ ಕಾಣೋದು ಎರಡರ ಮಿಶ್ರಣ. ಸಣ್ಣ ಚೌಕದ ಸರಾಸರಿ ತೆಗೀರಿ.

3. ಪೈಥಾನ್‌ನಲ್ಲಿ ಕೆ-ಮೀನ್ಸ್ ಓಡಿಸುವವರು ಎಚ್ಚರ. ಅದು ಪಿಕ್ಸೆಲ್ ಹೆಚ್ಚಿದ್ದ ಕಡೆ ವಾಲ್ತದೆ; ಸೆರಗಿನ ಬಿಳಿ ಎಳೆ ಕೆಂಪಿನಲ್ಲಿ ಕರಗಿ ಗುಲಾಬಿಯಾಗಿ ಬರಬಹುದು. ಮೈ, ದಡಿ, ಸೆರಗು ಬೇರೆ ಬೇರೆ ಕತ್ತರಿಸಿ ಓಡಿಸಿ.

ಓದಲಿಕ್ಕೆ ಬರ್ತದೋ ಇಲ್ಲೋ?

ಇಲ್ಲಿದೆ ನಿಜವಾದ ಪರೀಕ್ಷೆ. ಉದಾಹರಣೆಗೆ ನಾವು ಆರಿಸಿದ ಆರ್‌ಜಿಬಿ ಬೆಲೆಗಳು: ದಾಳಿಂಬೆ ಕೆಂಪು 140, 20, 40, ನವಿಲು ಹಸಿರು 0, 95, 75. ವೆಬ್ ಮಾನದಂಡದ ಸೂತ್ರ ಸರಳ: ಎರಡೂ ಬಣ್ಣಗಳ ಸಾಪೇಕ್ಷ ಹೊಳಪಿಗೆ 0.05 ಸೇರಿಸಿ, ದೊಡ್ಡದನ್ನು ಸಣ್ಣದರಿಂದ ಭಾಗಿಸಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು.

ಹಸಿರಿನ ಮೇಲೆ ಕೆಂಪು ಅಕ್ಷರ: ಸುಮಾರು 1.2. ಕೆಂಪಿನ ಮೇಲೆ ಬಿಳಿ: 9ಕ್ಕಿಂತ ಹೆಚ್ಚು. ಹಸಿರಿನ ಮೇಲೆ ಬಿಳಿ: 7ಕ್ಕಿಂತ ಹೆಚ್ಚು.

ಕೆಂಪು-ಹಸಿರು ಎರಡೂ ಕಣ್ಣಿಗೆ ಹೊಡೆಯುವಷ್ಟು ಬೇರೆ, ಆದರೆ ಹೊಳಪು ಹೆಚ್ಚುಕಡಿಮೆ ಒಂದೇ. ಪೋಸ್ಟರನ್ನು ಕಪ್ಪು-ಬಿಳುಪು ಜೆರಾಕ್ಸ್ ಮಾಡಿದರೆ ಎರಡೂ ಒಂದೇ ಬೂದು. ಕೆಂಪು-ಹಸಿರು ವ್ಯತ್ಯಾಸ ಕಾಣದ ಗೆಳೆಯರು ನಮ್ಮ ತರಗತಿಯಲ್ಲೂ ಇರಬಹುದು. ಅವರಿಗೆ ನೋಂದಣಿಯ ಕೊನೇ ದಿನಾಂಕವೇ ಕಾಣದಿದ್ದರೆ ಪೋಸ್ಟರ್ ಎಷ್ಟು ಚಂದ ಇದ್ದು ಏನು ಫಾಯಿದೆ? ಸೆರಗಿನ ಬಿಳಿ ಪಟ್ಟಿಯ ಬೆಲೆ ಇಲ್ಲಿ ತಿಳೀತದೆ. ಮೈ-ದಡಿಯ ಬಣ್ಣ ಹಿನ್ನೆಲೆಗೆ, ಬಿಳಿ ಅಕ್ಷರಕ್ಕೆ ಇರಲಿ.

ಬಾದಾಮಿಯಲ್ಲಿ ಇದೇ ಜೋಡಿ ಬೇರೆ ಥರ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯ ಎದುರು ನಿಂತರೆ ಕಬ್ಬಿಣದ ಆಕ್ಸೈಡ್‌ನಿಂದ ಕೆಂಪಾದ ಮರಳುಗಲ್ಲು, ಕೆಳಗೆ ಅಗಸ್ತ್ಯ ತೀರ್ಥದ ಹಸಿರು. ಬಿಸಿಲು ಬಿದ್ದ ಕಲ್ಲು ತಿಳಿ, ನೀರು ಗಾಢ. ಹೊಳಪಿನ ಅಂತರ ಇದ್ದಲ್ಲಿ ಕೆಂಪು-ಹಸಿರು ಜಗಳ ಆಡೋದಿಲ್ಲ.

ಕೊನೆಗೊಂದು ಮಾತು

ಬಣ್ಣದ ಮೇಲೆ ಯಾರ ಹಕ್ಕೂ ಇಲ್ಲ, ಬೇಕಾದ್ದು ಬಳಸಬಹುದು. ಆದರೆ 'ಇಳಕಲ್ ಸೀರೆ' ಎಂಬ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಅದೇ ಬಣ್ಣದ ಬಟ್ಟೆ ಪ್ರಿಂಟಿನಲ್ಲೂ ಸಿಗ್ತದೆ, ಅಗ್ಗಕ್ಕೂ ಸಿಗ್ತದೆ. ಕೊಂಡಿ ಹಾಕುವ ಶ್ರಮ ಅದರಲ್ಲಿಲ್ಲ. ಆಲ್ಬಮ್ ಕವರಿನ ಕಲಾವಿದನ ಹೆಸರನ್ನು ನಾವು ಹುಡುಕಿ ತಿಳಕೊಳ್ತೇವೆ, ಅರ್ಧ ತಾಸಿನ ದಾರಿಯ ನೇಕಾರರ ಕೆಲಸಕ್ಕೂ ಒಂದು ಸಾಲು ಕೊಡೋಣ. ಪೋಸ್ಟರಿನ ಮೂಲೆಯಲ್ಲಿ 'ಬಣ್ಣ: ಇಳಕಲ್ ಕೈಮಗ್ಗದ ಸೀರೆಯಿಂದ' ಅಂತ ಬರೆದರೆ ಸಾಕು.

ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಟ್ರಂಕ್ ತೆಗೆದು ನೋಡ್ರಿ. ಸಿಕ್ಕ ಪ್ಯಾಲೆಟ್ಟನ್ನು ಆರ್‌ಜಿಬಿ ಬೆಲೆಗಳ ಸಮೇತ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.