ಕಾರವಾರದ ಕೊಲ್ಲಿ ಮತ್ತು ಅದರ ಕಾವಲುಗಾರರು

ನನ್ನ ವಾಸ ಶ್ರೀಗಂಧದ ಕಾವಲಿನಲ್ಲಿ. ಹೆಸರಿನಲ್ಲಿ ಗಂಧವೂ ಇದೆ, ಕಾವಲೂ ಇದೆ. ನಮ್ಮ ಬೀದಿಯಲ್ಲಿ ಮಾತ್ರ ಒಂದು ಗಂಧದ ಗಿಡವನ್ನೂ ನಾನು ಕಂಡವನಲ್ಲ. ಇಂಥ ಊರಿನವನು ಕಡಲಿನ ವಿಷಯ ಬರೆಯಹೊರಟರೆ ವಾಚಕರು ನಕ್ಕಾರು. ಆದರೆ ನನ್ನ ಸಹಪಾಠಿಯೊಬ್ಬನ ಮನೆ ಕಾರವಾರದಲ್ಲಿದೆ. ನನ್ನಂತೆಯೇ ಅವನೂ ತನ್ನ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಅವನ ಶುಲ್ಕದ ಹಣ ಬರುವುದು ಮೀನಿನಿಂದ. ಕಳೆದ ರಜೆಯಲ್ಲಿ ಅವನೊಡನೆ ಹೋಗಿ ನಾಲ್ಕು ದಿನ ಇದ್ದು ಬಂದೆ.

ಕಾಳೀ ನದಿಯು ಸಮುದ್ರವನ್ನು ಸೇರುವೆಡೆ ಈ ಕೊಲ್ಲಿಯಿದೆ. ಉತ್ತರಕ್ಕೆ ಸದಾಶಿವಗಡ, ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಎದುರಿಗೆ ಕೂರ್ಮಗಡವೇ ಮೊದಲಾದ ನಡುಗಡ್ಡೆಗಳು. ಇವು ಅಲೆಗಳ ರಭಸವನ್ನು ತಡೆಯುವುದರಿಂದ ಒಳಗಿನ ನೀರು ಬಹುಮಟ್ಟಿಗೆ ಶಾಂತ. ಬಿರುಗಾಳಿ ಎದ್ದಾಗ ಹೊರರಾಜ್ಯದ ದೋಣಿಗಳೂ ಇಲ್ಲಿಗೇ ಓಡಿಬರುತ್ತವೆ. 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ ಬಂದಿದ್ದರು. ಕಡಲತೀರಕ್ಕೆ ಇಂದು ಕವಿಯದೇ ಹೆಸರು. ಸೋಜಿಗವೆಂದರೆ, ಮೀನುಗಾರನಿಗೆ ಒದಗುವ ಈ ಶಾಂತಜಲವೇ ಸರಕಿನ ಹಡಗಿಗೂ ಬೇಕು. ವ್ಯಾಜ್ಯದ ಬೇರು ಇಲ್ಲಿದೆ.

ರಂಪಣಿ ಎಂಬ ಬಲೆಯ ವಿಚಾರ ತಿಳಿಯದೆ ಇದು ಅರ್ಥವಾಗದು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯು ಅರ್ಧಚಂದ್ರಾಕಾರವಾಗಿ ಸುತ್ತಿ ಇನ್ನೊಂದು ತುದಿಯನ್ನು ದೂರದ ದಡಕ್ಕೆ ತರುತ್ತದೆ. ಆಮೇಲೆ ಹತ್ತಾರು ಜನ ಎರಡೂ ಕಡೆಯ ಹಗ್ಗಗಳನ್ನು ಹಿಡಿದು ಎಳೆಯಬೇಕು. ಸಿಕ್ಕ ಬಂಗುಡೆ, ತಾರ್ಲೆಗಳನ್ನು ಪಾಲು ಹಾಕುತ್ತಾರೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಕ್ಷೀಣಿಸಿದವು. ಅದರ ಚಿಕ್ಕ ರೂಪವಾದ ಏಂಡಿ ಬಲೆ ಉಳಿದಿದೆ. ನಾನೂ ಒಂದು ಮುಂಜಾನೆ ಹಗ್ಗ ಹಿಡಿದೆ. ಅಂಗೈಯಲ್ಲಿ ಬೊಕ್ಕೆ ಎದ್ದವು, ಪಾಲಿಗೆ ನಾಲ್ಕು ಬಂಗುಡೆ ಬಂದವು. ಇಂಥ ಬಲೆಗೆ ಉದ್ದನೆಯ ಮರಳ ದಂಡೆ ಬೇಕೇ ಬೇಕು.

ಆ ದಂಡೆಗಳು ಈಗಾಗಲೇ ಕಡಿಮೆಯಾಗಿವೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗಾಗಿ ಅರ್ಗಾ ಮೊದಲಾದ ತೀರಗ್ರಾಮಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ದೇಶದ ರಕ್ಷಣೆಗೆಂದು ಕೊಟ್ಟೆವು ಎಂದೇ ಅವರು ಹೇಳುತ್ತಾರೆ. ಆದರೆ ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರನ್ನು ಠಾಕೂರ್ ತೀರದತ್ತ ವಿಸ್ತರಿಸಲು 2020ರ ಜನವರಿಯಲ್ಲಿ ಕೆಲಸ ಹಿಡಿದಾಗ ಸಹನೆ ಮೀರಿತು. ಮೀನುಗಾರ ಹೆಂಗಸರೂ ಗಂಡಸರೂ ಬೀದಿಗೂ ನೀರಿಗೂ ಇಳಿದರು. ಅದೇ ತಿಂಗಳು ಕಾರವಾರ ಬಂದ್ ನಡೆಯಿತು. ಮೀನುಗಾರರ ಸಹಕಾರ ಸಂಘವು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ನ್ಯಾಯಾಲಯವು ಆ ತಿಂಗಳಲ್ಲಿಯೇ ಕಾಮಗಾರಿಗೆ ತಡೆಯಿತ್ತಿತು.

ಕಡಲೊಳಗೆ ಕಲ್ಲಿನ ತಡೆಗೋಡೆ ಕಟ್ಟಿದರೆ ಆಗುವುದೇನು? ತೀರದುದ್ದಕ್ಕೂ ಅಲೆಗಳು ಮರಳನ್ನು ಸಾಗಿಸುತ್ತಲೇ ಇರುತ್ತವೆ. ಗೋಡೆ ಅಡ್ಡಬಂದರೆ ಒಂದು ಮಗ್ಗುಲಲ್ಲಿ ಮರಳು ಕೂಡುತ್ತದೆ, ಇನ್ನೊಂದು ಮಗ್ಗುಲ ದಂಡೆ ಸವೆಯುತ್ತದೆ. ಹಡಗಿನ ದಾರಿಗಾಗಿ ಹೂಳೆತ್ತಿದರೆ ನೀರು ಕದಡುತ್ತದೆ. ಬಂದರಿನಿಂದ ಉದ್ಯೋಗ ಬರುವುದೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಕೆಲಸ ಹುಡುಕುವ ವರ್ಷ ನನಗೂ ಬಂದಿದೆ. ಆದರೆ ಆ ಕೆಲಸ ಹಗ್ಗ ಎಳೆಯುವವನಿಗೆ ಸಿಕ್ಕೀತೆ ಎಂಬುದಕ್ಕೆ ನನಗೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ.

ದಕ್ಷಿಣದಲ್ಲಿ ಹೊನ್ನಾವರದ ಕಾಸರಕೋಡ ಟೊಂಕದಲ್ಲಿಯೂ, ಅಂಕೋಲೆಯ ಕೇಣಿಯಲ್ಲಿಯೂ ಬಂದರಿನ ವಿರುದ್ಧ ಜನ ಎದ್ದಿದ್ದಾರೆ. ಇವೆರಡರ ನಡುವಿನ ಅಘನಾಶಿನೀ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು.

1991ರಿಂದ ಬಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳೇ ಈ ಜನರ ಮುಖ್ಯ ಆಧಾರ. ಆದರೆ ವರದಿಗಳೆಲ್ಲ ದಪ್ಪ ದಪ್ಪ ಇಂಗ್ಲಿಷ್ ಸಂಪುಟಗಳು. ಊರಿನಿಂದ ಅಂಥ ಕಾಗದಗಳು ನನ್ನ ಮಿತ್ರನ ಹಾಸ್ಟೆಲಿಗೆ ಬರುತ್ತವೆ. ಅವನು ಕನ್ನಡಕ್ಕೆ ತಿರುಗಿಸಿ ಫೋನಿನಲ್ಲಿ ಓದಿ ಹೇಳುತ್ತಾನೆ. ‘ಸೆಡಿಮೆಂಟ್’ ಎಂಬುದಕ್ಕೆ ಏನನ್ನುವುದೆಂದು ಒಂದು ರಾತ್ರಿ ಇಬ್ಬರೂ ನಿಘಂಟು ತಡಕಾಡಿದೆವು. ಕೊನೆಗೆ ಅವನ ತಂದೆಯವರನ್ನೇ ಕೇಳಿ, ಅದು ಇಂಥಿಂಥದು ಎಂದು ವಿವರಿಸಿದೆವು. ಅವರು ನಕ್ಕು, “ಕೆಸರುಮಣ್ಣು ಅಂತ ಬರಿ, ತಮ್ಮಾ. ದಿನಾ ಬಲೆಗೆ ಬರೂದು ಅದೇ ಅಲ್ಲವಾ,” ಎಂದರು.