ಮಂಕಾದ ಮುಂದೀಪ

ಒಂದು ಸಂಜೆ ನಾವು ನಂಜನಗೂಡಿನಿಂದ ಮೈಸೂರಿಗೆ ಹಳೆಯ ಮೋಟಾರು ಸೈಕಲ್ಲಿನ ಮೇಲೆ ಹಿಂದಿರುಗುತ್ತಿದ್ದೆವು. ಕತ್ತಲಾಗುತ್ತಲೇ ಮುಂದೀಪವನ್ನು ಹಾಕಿದೆವು. ದೀಪವೇನೋ ಹತ್ತಿತು, ಆದರೆ ಎಣ್ಣೆ ತೀರಿದ ಹಣತೆಯ ಕುಡಿಯಂತೆ ಕೆಂಪಗಿತ್ತು. ಕಬ್ಬು ಹೇರಿಕೊಂಡು ಬೆಳಕಿಲ್ಲದೆ ಸಾಗುತ್ತಿದ್ದ ಎತ್ತಿನ ಗಾಡಿಯೊಂದು ಕಣ್ಣಿಗೆ ಬಿದ್ದದ್ದು ಹತ್ತು ಹನ್ನೆರಡು ಮಾರು ದೂರದಲ್ಲಿ. ಎರಡು ಬ್ರೇಕುಗಳನ್ನೂ ಒತ್ತಿ ನಿಂತಾಗ ಕಬ್ಬಿನ ಗರಿ ಮುಖಕ್ಕೆ ತಾಕುತ್ತಿತ್ತು.

ಮರುದಿನ ದುರಸ್ತಿಯವರು ಬ್ಯಾಟರಿಯನ್ನು ಬದಲಾಯಿಸಿದರು, ಆಮೇಲೆ ಬಲ್ಬನ್ನು. ಮಂಕು ಹೋಗಲಿಲ್ಲ. "ಹಳೇ ಗಾಡಿ ಸ್ವಾಮಿ, ಇಷ್ಟೇ ಬೆಳಕು" ಎಂದರು. ಆ ಮಾತನ್ನು ಒಪ್ಪಲು ನಮಗೆ ಮನಸ್ಸಾಗಲಿಲ್ಲ.

1961ರಿಂದ 1996ರವರೆಗೆ ಮೈಸೂರಿನಲ್ಲಿಯೇ ತಯಾರಾದ ಜಾವಾ, ಯೆಜ್ದಿ ವಾಹನಗಳ ಪೈಕಿ ಮೊದಮೊದಲಿನವು 6 ವೋಲ್ಟಿನವು. ಆ ಕಾಲದ ವಾಹನಗಳನ್ನು ಅಕ್ಕರೆಯಿಂದ ಇಟ್ಟುಕೊಂಡಿರುವವರು ಇಂದಿಗೂ ಇದ್ದಾರೆ. ಅವರು ತಿಳಿದಿರಬೇಕಾದ ಲೆಕ್ಕವೊಂದುಂಟು. 35 ವಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 3 ಆಂಪೇರು ಪ್ರವಾಹ ಸಾಕು. 6 ವೋಲ್ಟಿನಲ್ಲಾದರೆ ಸುಮಾರು 6 ಆಂಪೇರು ಬೇಕು. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ 0.2 ಓಮಿನಷ್ಟು ರೋಧವಿದೆಯೆನ್ನೋಣ. ಅಲ್ಲಿ ಮೊದಲನೆಯದಕ್ಕೆ ಅರ್ಧ ವೋಲ್ಟಿನಷ್ಟು, ಎರಡನೆಯದಕ್ಕೆ ಸುಮಾರು ಒಂದು ವೋಲ್ಟು ನಷ್ಟವಾಗುತ್ತದೆ. ಹನ್ನೆರಡರಲ್ಲಿ ಅರ್ಧ ಹೋದರೆ ಸಹಿಸಬಹುದು. ಆರರಲ್ಲಿ ಒಂದು ಹೋದರೆ? ತಂತು ಬಲ್ಬಿನ ಸ್ವಭಾವವಂತೂ ಇನ್ನೂ ನಿಷ್ಠುರ: ಒತ್ತಡ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. ಆದುದರಿಂದಲೇ ಹಳೆಯ ವಾಹನದಲ್ಲಿ ಕಾಣದಷ್ಟು ಸಣ್ಣ ಕೊಳೆಯೂ ದೊಡ್ಡ ಕತ್ತಲೆಯನ್ನು ತರುತ್ತದೆ.

ನಾವು ಒಂದು ವೋಲ್ಟ್‌ಮೀಟರನ್ನು ಹಿಡಿದು ಕುಳಿತೆವು. ಎಂಜಿನ್ನನ್ನು ನಿಲ್ಲಿಸಿ, ದೀಪವನ್ನು ಉರಿಸಿಟ್ಟೇ ಅಳೆಯಬೇಕು. ಪ್ರವಾಹ ಹರಿಯದಿದ್ದರೆ ನಷ್ಟವೂ ತೋರದು. ಬ್ಯಾಟರಿಯ ತುದಿಗಳಲ್ಲಿ 6.2 ವೋಲ್ಟು, ಬಲ್ಬಿನ ಬಳಿ 4.7 ಮಾತ್ರ. ನಡುವೆ ಒಂದೂವರೆ ವೋಲ್ಟು ಎಲ್ಲಿಯೋ ಸೋರಿತ್ತು. ಬ್ಯಾಟರಿಯಿಂದ ಸ್ವಿಚ್ಚಿನ ಮೂಲಕ ಬಲ್ಬಿಗೆ ಹೋಗುವ ದಾರಿಯಲ್ಲಿ ಹೋದದ್ದು 0.4. ಉಳಿದ 1.1 ವೋಲ್ಟು ಹಿಂದಿರುಗುವ ದಾರಿಯಲ್ಲಿ!

ಈ ಹಿಂದಿರುಗುವ ದಾರಿಯನ್ನು ಅನೇಕರು ಮರೆಯುತ್ತಾರೆ. ಬಲ್ಬಿಗೆ ಬರುವ ತಂತಿ ಕಣ್ಣಿಗೆ ಕಾಣುತ್ತದೆ. ಬಲ್ಬಿನಿಂದ ಬ್ಯಾಟರಿಗೆ ಮರಳುವ ಪ್ರವಾಹವಾದರೋ ವಾಹನದ ಉಕ್ಕಿನ ಚೌಕಟ್ಟಿನಲ್ಲಿಯೇ ಹರಿಯುತ್ತದೆ. ಮೆಕ್ಯಾನಿಕರು ಇದನ್ನು 'ಅರ್ತು' ಎನ್ನುತ್ತಾರೆ. ನಮ್ಮ ವಾಹನಕ್ಕೆ ಹೊಸ ಬಣ್ಣ ಬಳಿದಿದ್ದವರು ದೀಪದ ಬುರುಡೆಯಿಂದ ಚೌಕಟ್ಟಿಗೆ ಬರುವ ತಂತಿಯನ್ನು ಬಿಚ್ಚಿದವರು ಮರಳಿ ಹಾಕಿರಲಿಲ್ಲ. ಪಾಪ, ಪ್ರವಾಹವು ಬಣ್ಣ ಮೆತ್ತಿದ ಬೋಲ್ಟುಗಳನ್ನೂ, ಹ್ಯಾಂಡಲಿನ ಬುಡದಲ್ಲಿ ಗ್ರೀಸಿನಲ್ಲಿ ಮುಳುಗಿದ ಗುಂಡುಗಳನ್ನೂ ದಾಟಿ ಬರಬೇಕಾಗಿತ್ತು. ಹ್ಯಾಂಡಲನ್ನು ತಿರುಗಿಸಿದಾಗ ದೀಪ ಮಿಣುಕುತ್ತಿದ್ದುದಕ್ಕೆ ಕಾರಣ ಆಗ ಹೊಳೆಯಿತು. ಈ ಮಿಣುಕನ್ನು ಕಂಡ ವಾಚಕರು ಬ್ಯಾಟರಿಗೆ ಹಣ ಚೆಲ್ಲುವ ಮೊದಲು ಅರ್ತನ್ನು ನೋಡಲಿ.

ಬೇರೆ ದೋಷಗಳಿಗೆ ಬೇರೆ ಗುರುತುಗಳಿವೆ. ವೇಗ ಹೆಚ್ಚಿದರೂ ಚಾರ್ಜಿನ ಕೆಂಪು ದೀಪ ಆರದಿದ್ದರೆ ಮೊದಲು ಡೈನಮೊವಿನ ಇಂಗಾಲದ ಬ್ರಷ್ಷುಗಳು ಸವೆದಿವೆಯೇ ಎಂದು ನೋಡಬೇಕು. ವೇಗದಲ್ಲಿ ಬಲ್ಬುಗಳು ಪದೇ ಪದೇ ಸುಟ್ಟರೆ ರೆಗ್ಯುಲೇಟರನ್ನಾಗಲಿ ಸಡಿಲವಾದ ಬ್ಯಾಟರಿಯ ತಂತಿಯನ್ನಾಗಲಿ ಶಂಕಿಸಬೇಕು. ಫ್ಯೂಸು ಮತ್ತೆ ಮತ್ತೆ ಹೋದರೆ ಎಲ್ಲಿಯೋ ತಂತಿಯ ಹೊದಿಕೆ ತೇದುಹೋಗಿದೆ; ಅಲ್ಲಿ ಸಿಗರೇಟಿನ ಬೇಗಡೆ ಸುತ್ತಿಡುವ ಜಾಣತನ ಮಾತ್ರ ಬೇಡ, ಅದು ಬೆಂಕಿಗೆ ಆಹ್ವಾನ.

ನಮ್ಮ ಕೆಲಸಕ್ಕೆ ಒಂದು ಗಜ ದಪ್ಪ ತಂತಿ, ಎರಡು ತಾಮ್ರದ ಕಿವಿಗಳು, ಒಂದು ಚೂರು ಉಪ್ಪುಕಾಗದ ಸಾಕಾದವು. ಬ್ಯಾಟರಿಯ ತಂತಿಯನ್ನು ಮೊದಲು ಕಳಚಿ, ಬೋಲ್ಟಿನ ಕೆಳಗಿನ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ತಂತಿಯನ್ನು ಬಿಗಿದೆವು. ಸ್ವಿಚ್ಚಿನ ತುದಿಗಳನ್ನೂ ಶುಚಿಗೊಳಿಸಿದೆವು. ಬಲ್ಬಿನ ಬಳಿ ಈಗ 5.9 ವೋಲ್ಟು. ಎದುರು ಗೋಡೆಯ ಮೇಲೆ ಬಿದ್ದ ಬೆಳಕು ಬೆಳ್ಳಗಿತ್ತು. ಹಾರನ್ನಿನ ಗುಂಡಿಯ ಪ್ರವಾಹವೂ ಅದೇ ಹ್ಯಾಂಡಲಿನಿಂದ ಮರಳಬೇಕಾಗಿದ್ದುದರಿಂದ, ಬಹುದಿನಗಳಿಂದ ಬರಿದೇ ಕೆಮ್ಮುತ್ತಿದ್ದ ಹಾರನ್ನೂ ಗಟ್ಟಿಯಾಗಿ ಕೂಗಿತು.